ಅಜ್ಜ ತಾವೇ ನಡೀತಾರಾ? ಮೊದಲು ನೋಡ್ರಿ, ಆಮೇಲೆ ಬರೀರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಿನಲ್ಲೋ ಹಾಸ್ಟೆಲ್‌ನಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮ್ಮ ಜೊತೆ ಸಂಕೇಶ್ವರದಿಂದ ಮಾತಾಡ್ತಿದ್ದೀನಿ. ನಾನು ನರ್ಸ್. ಈ ಕಡೆಯ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಇವತ್ತಿನ ವಿಷಯ ಒಂದು ಫಾರಂ. ಬೋರ್ ಅನ್ಕೋಬೇಡ್ರಿ, ಇದು ನಿಮ್ಮ ಅಜ್ಜ-ಅಜ್ಜಿ ವಿಷಯನೂ ಹೌದು.

ಮೊದಲು ಒಂದು ಘಟನೆ. ನಮ್ಮಲ್ಲಿ ಒಬ್ಬ ಅಜ್ಜ ಇದ್ದರು. ಮಗ ಪುಣೆಯಲ್ಲಿ ನೌಕರಿ. ಸೇರಿಸಿದ ದಿನ ಫಾರಂನಲ್ಲಿ ಬರೆದಿದ್ದು: ‘ಸ್ವಂತ ನಡೆಯುತ್ತಾರೆ – ಹೌದು.’ ಎರಡು ವರ್ಷ ಆದ್ರೂ ಅದೇ ಫಾರಂ, ಅದೇ ‘ಹೌದು’. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು. ಸೊಂಟದ ಎಲುಬು ಮುರೀತು. ಮರುದಿನ ಮಾವಶಿ, ಅಂದ್ರೆ ನಮ್ಮ ಆಯಾ, ಅಂದಳು: ‘ಅಕ್ಕಾರ, ಅಜ್ಜಾರು ಒಂದ್ ತಿಂಗಳಿಂದ ಗ್ವಾಡಿ ಹಿಡ್ಕೊಂಡ ಅಡ್ಡ್ಯಾಡ್ತಿದ್ರು.’ ಯಾಕವ್ವಾ ಹೇಳಲಿಲ್ಲ ಅಂದೆ. ‘ಯಾರ್ ಕೇಳಿದ್ರಿ?’ ಅಂದಳು.

ಆ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ವಿಷಯ ಆಶ್ರಮದೊಳಗೇ ಒಬ್ಬರಿಗೆ ಗೊತ್ತಿತ್ತು, ಕಾಗದಕ್ಕೆ ಬಂದಿರಲಿಲ್ಲ. ಆಮೇಲೆ ನಾವು ಫಾರಂ ಬದಲಿಸಿದ್ವಿ.

ಬೇರೆ ಕಡೆ ಹೇಗಿದೆ ನೋಡೋಣ. ನಮ್ಮೂರಲ್ಲಿ ‘ನರ್ಸಿಂಗ್ ಹೋಮ್’ ಅಂದ್ರೆ ಹೆರಿಗೆ, ಆಪರೇಷನ್ ಆಗೋ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿನ ಜಾಗದಲ್ಲಿ ವಯಸ್ಸಾದವರು ವರ್ಷಗಟ್ಟಲೆ ಇರ್ತಾರೆ. ಸರ್ಕಾರದ ಹಣ ಪಡೆಯುವ ಇಂಥ ಕಡೆಗಳಲ್ಲಿ ಪ್ರತಿಯೊಬ್ಬರ ಸ್ಥಿತಿಯನ್ನೂ ಒಂದೇ ನಮೂನೆಯಲ್ಲಿ ಆಗಾಗ ಅಳೆಯಲೇಬೇಕು. 1987ರ ಕಾನೂನಿನಿಂದ ಬಂದ ನಿಯಮ ಇದು. ಆ ನಮೂನೆಯ ಹೆಸರು ಎಂಡಿಎಸ್. 2023ರ ಅಕ್ಟೋಬರ್ 1ರಿಂದ ಅದರಲ್ಲಿ ‘ಜಿ’ ಅನ್ನೋ ಭಾಗ ತೆಗೆದು, ‘ಜಿಜಿ’ ಭಾಗವನ್ನೇ ಬಳಸಬೇಕು ಅಂದರು. ಹಳೆಯದರಲ್ಲಿ ಏಳು ದಿನದಲ್ಲಿ ಸಿಬ್ಬಂದಿ ಎಷ್ಟು ಆಸರೆ ಕೊಟ್ಟರು ಅನ್ನೋದರ ಮೇಲೆ ಒತ್ತು. ಹೊಸದರಲ್ಲಿ ಮೂರು ದಿನ ನೋಡಿ, ಆ ವ್ಯಕ್ತಿ ಸಾಮಾನ್ಯವಾಗಿ ತಾವೇ ಎಷ್ಟು ಮಾಡ್ತಾರೆ ಅಂತ ಅಂಕ ಕೊಡಬೇಕು.

ಅಂಕ 6ರಿಂದ 1. ರೊಟ್ಟಿ ಊಟದ ಲೆಕ್ಕದಲ್ಲಿ ಹೇಳ್ತೀನಿ. ಅಜ್ಜಿ ಎಲ್ಲಾ ತಾವೇ ಮಾಡಿಕೊಂಡ್ರೆ 6. ಯಾರಾದರೂ ರೊಟ್ಟಿ ಮುರಿದು ತಾಟು ಮುಂದಿಟ್ಟು ಹೋದರೆ, ಅಜ್ಜಿ ಆಮೇಲೆ ತಾವೇ ಉಂಡರೆ 5. ಪಕ್ಕದಲ್ಲಿ ಕೂತು ‘ಉಣ್ರಿ ಆಯಿ’ ಅಂತ ನೆನಪಿಸ್ತಾ ಇರಬೇಕಂದ್ರೆ 4. ಅರ್ಧಕ್ಕಿಂತ ಕಡಿಮೆ ಕೆಲಸ ನಮ್ಮದಾದರೆ 3, ಅರ್ಧಕ್ಕಿಂತ ಹೆಚ್ಚಾದರೆ 2, ಪೂರ್ತಿ ನಾವೇ ಉಣಿಸಿದರೆ 1.

ನಮ್ಮ ದೇಶದ ವೃದ್ಧಾಶ್ರಮಗಳಿಗೆ ಹೀಗೆ ಎಲ್ಲರಿಗೂ ಒಂದೇ ಕಡ್ಡಾಯ ಫಾರಂ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರೋ ವೃದ್ಧಾಶ್ರಮದ ಮಾತಾಡುತ್ತೆ. ಆಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ ತರೋಕೆ 2019ರಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದ್ರು, ಪಾಸಾಗದೇ ಬಿದ್ದುಹೋಯ್ತು. ಹಾಗಾಗಿ ಮನಸ್ಸು ಇದ್ದವರು ತಾವೇ ಮಾಡಿಕೊಳ್ಳಬೇಕು. ನಾವು ಆ ಆರು ಅಂಕದ ಪದ್ಧತಿಯನ್ನೇ ಕನ್ನಡಕ್ಕೆ ಇಳಿಸಿಕೊಂಡ್ವಿ.

ಫಾರಂ ಛಾಪಿಸೋದು ಒಂದು ದಿನದ ಕೆಲಸ. ಸಿಬ್ಬಂದಿನ ತಯಾರು ಮಾಡೋಕೆ ತಿಂಗಳುಗಳೇ ಹಿಡಿದವು. ‘ಮತ್ತೊಂದು ಫಾರಮ್ಮೇನ್ರಿ ಅಕ್ಕಾರ? ಇರೂ ಕೆಲಸನೇ ಮುಗಿಯೂದಿಲ್ಲ’ ಅಂದರು. ಅವರ ಮಾತು ಸುಳ್ಳಲ್ಲ. ಅದಕ್ಕೆ ಮೂರೇ ನಿಯಮ ಇಟ್ಕೊಂಡ್ವಿ.

ಒಂದು, ಕೇಳಿ ಬರೀಬಾರದು, ನೋಡಿ ಬರೀಬೇಕು. ‘ನಡೀತೀರೇನ್ರಿ ಅಜ್ಜಾರ?’ ಅಂದ್ರೆ ಯಾವ ಅಜ್ಜನೂ ‘ಇಲ್ಲ’ ಅನ್ನಲ್ಲ. ಮರ್ಯಾದೆ ಪ್ರಶ್ನೆ ಅದು.

ಎರಡು, ರಾತ್ರಿ ಪಾಳಿಯವರ ಮಾತೂ ಸೇರಬೇಕು. ಬೆಳಿಗ್ಗೆ ಹತ್ತಕ್ಕೆ ಅಂಗಳದಲ್ಲಿ ಚೆನ್ನಾಗಿ ನಡೆಯೋ ಅಜ್ಜಿ ರಾತ್ರಿ ಎರಡಕ್ಕೆ ಬಚ್ಚಲ ಹೊಸ್ತಿಲಲ್ಲಿ ತಡವರಿಸ್ತಾರೆ.

ಮೂರು, ಬರೆಯೋಕೆ ಬರದವರು ಹೇಳಬೇಕು, ಬರೋರು ಬರೀಬೇಕು. ಸ್ನಾನ ಮಾಡಿಸೋಳು, ಎಬ್ಬಿಸಿ ಕೂರಿಸೋಳು ಮಾವಶಿ. ಮೈಯ ತೂಕ ಯಾವ ಕಾಲಿನ ಮೇಲೆ ಬೀಳುತ್ತೆ ಅನ್ನೋದು ಅವಳ ಕೈಗೆ ಗೊತ್ತು. ಈಗ ಪಾಳಿ ಬದಲಾಗುವಾಗ ಹತ್ತು ನಿಮಿಷ ಮಾತು. ಮೊದಲ ಸರದಿ ಅವಳದ್ದೇ.

ಒಂದು ಕಷ್ಟನೂ ಹೇಳಬೇಕು. ಪಾಳಿ ಮುಗಿಸೋ ಅವಸರಕ್ಕೆ ನಾವೇ ಅಂಗಿ ತೊಡಿಸಿಬಿಡ್ತೀವಿ. ತಾವೇ ಗುಂಡಿ ಹಾಕ್ಕೊಳ್ಳೋಕೆ ಅಜ್ಜನಿಗೆ ಹತ್ತು ನಿಮಿಷ ಬೇಕು, ನಮಗೆ ಒಂದೇ ನಿಮಿಷ. ದಿನಾ ನಾವೇ ಹಾಕಿದರೆ ಅವರ ಬೆರಳು ಆ ಕೆಲಸನೇ ಮರೀತಾವೆ. ಸರಿಯಾಗಿ ಅಳೆಯಬೇಕಂದ್ರೆ ಕೈಕಟ್ಟಿ ನಿಂತು ನೋಡೋದನ್ನ ಕಲೀಬೇಕು. ನಮ್ಮ ಹುಡುಗಿಯರಿಗೆ ಅದೇ ಎಲ್ಲಕ್ಕಿಂತ ಕಷ್ಟವಾಗಿದ್ದು.

ಈಗ ನಿಮ್ಮ ಮನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ‘ಐಕೋಪ್’ ಕೈಪಿಡಿಯಲ್ಲಿ (2019) ಆರು ವಿಷಯ ನೋಡೋಕೆ ಹೇಳಿದ್ದಾರೆ: ನೆನಪು, ಓಡಾಟ, ಊಟ, ಕಣ್ಣು, ಕಿವಿ, ಮನಸ್ಸು. ಈ ಸಲ ಊರಿಗೆ ಹೋದಾಗ ಅಜ್ಜಿಗೆ ‘ಹೂವು, ಬಾಗಿಲು, ಅಕ್ಕಿ’ ಅಂತ ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಕೇಳ್ರಿ. ನಿಲ್ಲೋಕೆ ಶಕ್ತಿ ಇದ್ದರೆ, ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲಿ. 14 ಸೆಕೆಂಡಿನೊಳಗೆ ಆಗಬೇಕು. ನೀವು ಪಕ್ಕದಲ್ಲೇ ನಿಂತಿರ್ರಿ, ಒತ್ತಾಯ ಬೇಡ. ಪ್ರಯತ್ನವಿಲ್ಲದೇ ಮೂರು ತಿಂಗಳಲ್ಲಿ 3 ಕಿಲೋಗಿಂತ ಹೆಚ್ಚು ಇಳಿದಿದ್ದಾರಾ, ಹಸಿವು ಹೋಗಿದೆಯಾ ಕೇಳ್ರಿ. ಯಾವುದರಲ್ಲಾದರೂ ಕೊರತೆ ಕಂಡರೆ ಅದು ರೋಗ ಅಂತಲ್ಲ, ಡಾಕ್ಟರಿಗೆ ತೋರಿಸ್ರಿ ಅಂತ ಅರ್ಥ.

ಅಜ್ಜಿನ ಆಶ್ರಮಕ್ಕೆ ಸೇರಿಸೋ ಪ್ರಸಂಗ ಬಂದರೆ ಅಲ್ಲಿ ಒಂದು ಪ್ರಶ್ನೆ ಕೇಳ್ರಿ: ‘ಇವರ ಫಾರಂ ಮತ್ತೆ ಯಾವಾಗ ಬರೀತೀರಿ?’ ‘ಬರೆದಾಯ್ತಲ್ರಿ’ ಅಂದ್ರೆ ಹುಷಾರು. ಹಿರಿಯರ ಬಗ್ಗೆ ಯಾವುದೇ ಸಹಾಯ ಬೇಕಿದ್ದರೆ ಎಲ್ಡರ್‌ಲೈನ್ 14567ಕ್ಕೆ ಫೋನ್ ಮಾಡ್ರಿ. ಪೈಸೆ ಖರ್ಚಿಲ್ಲ.

ನಮ್ಮ ಆ ಅಜ್ಜ ಮತ್ತೆ ಆಸರೆ ಇಲ್ಲದೇ ನಡೆಯಲಿಲ್ಲ. ಅವರ ಹೊಸ ಫಾರಂನಲ್ಲಿ ನಡಿಗೆಗೆ 3 ಅಂತಿದೆ. ಆ ಅಂಕ ಹೇಳಿದ್ದು ಮಾವಶಿ, ಬರೆದಿದ್ದು ನಾನು. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ತೀನ್ರಿ.