ಮಾತೃಕೆಗಳ ಗುಣಾಕಾರ

ಮೂರನ್ನು ಐದರಿಂದ ಗುಣಿಸಿದರೂ ಐದನ್ನು ಮೂರರಿಂದ ಗುಣಿಸಿದರೂ ಫಲವು ಒಂದೇ ಎಂಬುದನ್ನು ನಾವು ಮಗ್ಗಿ ಒಪ್ಪಿಸಿದ ಕಾಲದಿಂದಲೂ ನಂಬಿ ಬಂದವರು. ಮಾತೃಕೆಗಳ ಪ್ರಕರಣಕ್ಕೆ ಕಾಲಿಟ್ಟಾಗ ಈ ನಂಬಿಕೆಯನ್ನು ಬಾಗಿಲ ಹೊರಗೆ ಬಿಡಬೇಕಾಯಿತು. ಅದರಿಂದ ನಮಗೊದಗಿದ ತೊಡಕನ್ನು ಸೋದರಿಯರ ಮುಂದಿಡುವೆವು.

ಮಾತೃಕೆಯೆಂದರೆ ಅಡ್ಡಸಾಲು ಕಂಬಸಾಲುಗಳಾಗಿ ಸಂಖ್ಯೆಗಳನ್ನು ಜೋಡಿಸಿದ ಚೌಕಟ್ಟು. ೧೮೫೦ರಲ್ಲಿ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಎಂಬ ಆಂಗ್ಲ ಪಂಡಿತರು ಇದಕ್ಕೆ ಗರ್ಭವೆಂಬ ಅರ್ಥವುಳ್ಳ ಲ್ಯಾಟಿನ್ ಪದವನ್ನು ಹೆಸರಾಗಿಟ್ಟರು. ನಮ್ಮ ಮಾತೃಕೆಯಲ್ಲಿಯೂ ತಾಯಿಯ ಹೆಸರೇ ಇರುವುದು. ಅವರ ಮಿತ್ರರಾದ ಆರ್ಥರ್ ಕೇಲಿಯವರು ೧೮೫೮ರಲ್ಲಿ ಇವುಗಳ ಗುಣಾಕಾರವೇ ಮೊದಲಾದ ವಿಧಿಗಳನ್ನು ಒಂದು ಪ್ರಬಂಧದಲ್ಲಿ ಶಾಸ್ತ್ರೋಕ್ತವಾಗಿ ನಿರೂಪಿಸಿದರು. (ಈ ಕೇಲಿಯವರು ಕೇಂಬ್ರಿಜ್ಜಿನಲ್ಲಿ ಸ್ತ್ರೀಯರ ಉಚ್ಚ ಶಿಕ್ಷಣಕ್ಕೆ ಬೆಂಬಲವಿತ್ತವರೆಂಬುದನ್ನು ನಮ್ಮಂಥವರು ಮರೆಯಲಾಗದು.)

ಗುಣಾಕಾರದ ವಿಧಿಯು ಮೊದಲು ವಿಚಿತ್ರವಾಗಿ ತೋರುವುದು. ಮೊದಲನೆಯದರ ಅಡ್ಡಸಾಲನ್ನು ಎರಡನೆಯದರ ಕಂಬಸಾಲಿನೊಡನೆ ಬಿಡಿಬಿಡಿಯಾಗಿ ಗುಣಿಸಿ ಕೂಡಿಸುವುದೇಕೆ? ಅಂಗಡಿಯ ಲೆಕ್ಕವೊಂದನ್ನು ನೋಡೋಣ. ಒಬ್ಬ ಬಾಲಿಕೆಗೆ ೨ ನೋಟುಪುಸ್ತಕ, ೧ ಪೆನ್ಸಿಲು ಬೇಕು. ಇನ್ನೊಬ್ಬಳಿಗೆ ೫ ಪುಸ್ತಕ, ೩ ಪೆನ್ಸಿಲು. ಮೊದಲನೆಯ ಅಂಗಡಿಯಲ್ಲಿ ಪುಸ್ತಕಕ್ಕೆ ೨೦ ರೂಪಾಯಿ, ಪೆನ್ಸಿಲಿಗೆ ೫. ಎರಡನೆಯದರಲ್ಲಿ ೧೮ ಮತ್ತು ೬. ಎಣಿಕೆಯ ಮಾತೃಕೆಯನ್ನು ಕ ಎಂದೂ ಬೆಲೆಯದನ್ನು ಬ ಎಂದೂ ತೆರಬೇಕಾದ ಹಣದ್ದನ್ನು ಹ ಎಂದೂ ಕರೆದರೆ, ಕ × ಬ = ಹ:

[ ೨  ೧ ]   [ ೨೦  ೧೮ ]   [ ೪೫  ೪೨ ]
[ ೫  ೩ ] × [ ೫  ೬ ] = [ ೧೧೫  ೧೦೮ ]

೨ × ೨೦ + ೧ × ೫ = ೪೫; ಇದು ಮೊದಲನೆಯ ಬಾಲಿಕೆ ಮೊದಲನೆಯ ಅಂಗಡಿಯಲ್ಲಿ ತೆರಬೇಕಾದ ಹಣ. ಉಳಿದವೂ ಹೀಗೆಯೇ. ಚೀಟಿ ಹಿಡಿದು ಅಂಗಡಿಗೆ ಹೋದವರೆಲ್ಲರೂ ತಿಳಿಯದೆಯೇ ಮಾಡುವ ಲೆಕ್ಕವಿದು. ಮೊದಲನೆಯದರ ಕಂಬಸಾಲುಗಳೆಷ್ಟೋ ಎರಡನೆಯದರ ಅಡ್ಡಸಾಲುಗಳೂ ಅಷ್ಟೇ ಇರಬೇಕೆಂಬ ನಿಯಮವೂ ಇಲ್ಲಿಂದಲೇ ಸ್ಪಷ್ಟ: ಕೊಂಡ ಪ್ರತಿಯೊಂದು ಬಗೆಯ ಸಾಮಾನಿಗೂ ಒಂದು ಬೆಲೆ ಬೇಡವೆ?

ಈಗ ಬೆಲೆಗಳು ಮರೆತುಹೋದುವೆನ್ನೋಣ. ಕ, ಹ ಎರಡೂ ಗೊತ್ತು, ಬ ಗೊತ್ತಿಲ್ಲ. ಮಾತೃಕೆಗಳಲ್ಲಿ ಭಾಗಾಕಾರವಿಲ್ಲ, ಅದರ ಕೆಲಸವನ್ನು ವಿಲೋಮ ಮಾತೃಕೆ ಮಾಡುವುದು. ಕ ಮಾತೃಕೆಯಲ್ಲಿ ೨ ಮತ್ತು ೩ನ್ನು ಅದಲುಬದಲು ಮಾಡಿ, ೧ ಮತ್ತು ೫ರ ಚಿಹ್ನೆಗಳನ್ನು ಬದಲಿಸಿ, ಬಂದುದನ್ನು ನಿರ್ಧಾರಕದಿಂದ, ಅಂದರೆ ೨ × ೩ − ೧ × ೫ = ೧ ಎಂಬುದರಿಂದ, ಭಾಗಿಸಿದರೆ ವಿಲೋಮವು ದೊರೆಯುವುದು:

[ ೩  −೧ ]
[ −೫  ೨ ]

ಇದರಿಂದ ಹವನ್ನು ಎಡಗಡೆಯಿಂದ ಗುಣಿಸಬೇಕು: ೩ × ೪೫ − ೧ × ೧೧೫ = ೨೦. ಮರೆತ ಬೆಲೆ ಮರಳಿತು! ಆದರೆ ನಾವು ಮೊದಲ ಸಲ ಮಾಡಿದುದು ಹೀಗಲ್ಲ. ಯಾವ ಕಡೆಯಾದರೇನೆಂದು ವಿಲೋಮವನ್ನು ಹದ ಬಲಗಡೆಗೆ ಬರೆದೆವು. ೪೫ × ೩ − ೪೨ × ೫ = −೭೫ ಎಂದು ಬಂದಿತು. ಪುಸ್ತಕವನ್ನು ಕೊಟ್ಟು ಅದರ ಮೇಲೆ ೭೫ ರೂಪಾಯಿಯನ್ನೂ ಕೊಡುವ ಅಂಗಡಿ ಎಲ್ಲಿದೆಯೆಂದು ತರಗತಿಯೆಲ್ಲ ನಕ್ಕಿತು. ಎಡಗಡೆಯಲ್ಲಿರುವ ಕವನ್ನು ಎಡಗಡೆಯಿಂದಲೇ ನೀಗಬೇಕು; ಸಮೀಕರಣವು ಬ × ಕ = ಹ ಎಂದಿದ್ದರೆ ಮಾತ್ರ ಬಲಗಡೆಯಿಂದ.

ನಮಗೊಂದು ಸಮಾಧಾನವುಂಟು. ೧೯೨೫ರಲ್ಲಿ ವರ್ನರ್ ಹೈಸನ್‌ಬರ್ಗರು ಪರಮಾಣುವಿನ ಲೆಕ್ಕದಲ್ಲಿ ಕ್ರಮ ಬದಲಾದರೆ ಗುಣಲಬ್ಧವೂ ಬದಲಾಗುವುದನ್ನು ಕಂಡು ಕಳವಳಗೊಂಡರಂತೆ; ಅವು ಮಾತೃಕೆಗಳೆಂದು ಗುರುತಿಸಿದವರು ಮ್ಯಾಕ್ಸ್ ಬಾರ್ನ್.

ಇನ್ನೊಂದು ಮಾತು. ಎರಡನೆಯ ಬಾಲಿಕೆ ಮೊದಲನೆಯವಳ ಇಮ್ಮಡಿಯನ್ನು, ಎಂದರೆ ೪ ಪುಸ್ತಕ ಮತ್ತು ೨ ಪೆನ್ಸಿಲುಗಳನ್ನು ಕೊಂಡಿದ್ದರೆ ನಿರ್ಧಾರಕವು ೨ × ೨ − ೧ × ೪, ಅಂದರೆ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ವಿಲೋಮವೇ ಇಲ್ಲ. ಅವಳ ಚೀಟಿಯು ಮೊದಲನೆಯ ಚೀಟಿ ಹೇಳಿದುದನ್ನೇ ಎರಡು ಸಲ ಹೇಳುವುದೇ ಹೊರತು ಹೊಸತೇನನ್ನೂ ತಿಳಿಸದು. ಆಗ ಮತ್ತೊಮ್ಮೆ ಅಂಗಡಿಗೇ ಹೋಗಿ ಬೆಲೆಯನ್ನು ಕೇಳಬೇಕು.