ಕೋಳಿಗೆ ಮಸಾಲೆ: ಮೊಸರೋ, ನಿಂಬೆಯೋ, ಪರಂಗಿಕಾಯಿಯೋ?



ಯುಗಾದಿಯ ಮಾರನೆಯ ದಿನದ ಹೊಸತೊಡಕು, ಊರ ಜಾತ್ರೆ, ನೆಂಟರು ಬಂದ ಭಾನುವಾರ. ಇಂತಹ ದಿನಗಳಲ್ಲಿ ಮಾಂಸಾಹಾರಿಗಳಾದ ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಕೋಳಿ ಅಡುಗೆ ಇದ್ದೇ ಇರುತ್ತದೆ. ಹುರಿಯುವ ಅಥವಾ ಸುಡುವ ಮೊದಲು ಮಾಂಸಕ್ಕೆ ಮಸಾಲೆ ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಡುವುದು ವಾಡಿಕೆ. ಕೆಲವರು ನಿಂಬೆರಸ ಹಿಂಡುತ್ತಾರೆ, ಕೆಲವರು ವಿನೆಗರ್ ಹಾಕುತ್ತಾರೆ, ಕೆಲವರು ಪರಂಗಿಕಾಯಿ ಅರೆದು ಹಚ್ಚುತ್ತಾರೆ. ಹಾಲು ಕರೆಯುವ ಮನೆಯಲ್ಲಿ ಸದಾ ಇರುವ ಮೊಸರು ಇವುಗಳ ಜೊತೆ ಹೇಗೆ ನಿಲ್ಲುತ್ತದೆ? ಯಾವುದನ್ನು ಯಾವಾಗ ಬಳಸಬೇಕು? ಬಳಸುವಾಗ ವಹಿಸಬೇಕಾದ ಎಚ್ಚರವೇನು? ಇವುಗಳನ್ನು ಇಲ್ಲಿ ತಿಳಿಸಲಾಗಿದೆ.

ನೆನೆಸುವುದರಿಂದ ಆಗುವುದೇನು?

ಮಸಾಲೆ ರಾತ್ರಿಯಿಡೀ ನೆನೆದರೆ ಮೂಳೆಯವರೆಗೂ ಇಳಿಯುತ್ತದೆ ಎಂಬ ನಂಬಿಕೆ ಇದೆ. ಇದು ಪೂರ್ತಿ ಸರಿಯಲ್ಲ. ಮೆಣಸಿನಪುಡಿ, ಅರಿಶಿನ, ಬೆಳ್ಳುಳ್ಳಿ, ಹುಳಿ ಇವು ಮಾಂಸದ ಮೇಲಿನ ಕೆಲವೇ ಮಿಲಿಮೀಟರುಗಳಷ್ಟು ಮಾತ್ರ ಒಳಗೆ ಹೋಗುತ್ತವೆ. ನಿಧಾನವಾಗಿಯಾದರೂ ಆಳಕ್ಕೆ ಇಳಿಯುವುದು ಉಪ್ಪು. ಉಪ್ಪು ಮಾಂಸದಲ್ಲಿ ನೀರಿನ ಅಂಶ ಉಳಿಯುವಂತೆ ಮಾಡುವುದರಿಂದ ಬೆಂದ ಮೇಲೆ ತುಂಡು ಒಣಗುವುದಿಲ್ಲ. ಆದ್ದರಿಂದ ಯಾವ ಮಸಾಲೆಯಾದರೂ ಉಪ್ಪನ್ನು ಮೊದಲೇ ಸೇರಿಸಿರಿ, 1 ಕೆ.ಜಿ. ಮಾಂಸಕ್ಕೆ ಸುಮಾರು 2 ಟೀ ಚಮಚ ಸಾಕು. ತುಂಡುಗಳ ಮೇಲೆ ಚಾಕುವಿನಿಂದ ಗೀರು ಹಾಕಿದರೆ ಮಸಾಲೆ ಹಿಡಿಯಲು ಹೆಚ್ಚು ಜಾಗ ಸಿಗುತ್ತದೆ.

ನಾಲ್ಕು ವಿಧಾನಗಳ ಹೋಲಿಕೆ

1. ನಿಂಬೆರಸ: ಇದು ಬಹಳ ತೀಕ್ಷ್ಣವಾದ ಹುಳಿ. ಮಾಂಸದ ಮೇಲ್ಪದರವನ್ನು ಬೇಗ ಬಿಗಿಗೊಳಿಸುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಭಾಗ ಬೆಳ್ಳಗಾಗಿ, ಬೇಯಿಸಿದಾಗ ಒರಟಾಗುತ್ತದೆ. 1 ಕೆ.ಜಿ.ಗೆ 1 ಅಥವಾ 2 ಹಣ್ಣಿನ ರಸ ಸಾಕು. ಅರ್ಧ ಗಂಟೆಯಿಂದ 1 ಗಂಟೆಯೊಳಗೆ ಒಲೆಗೆ ಏರಿಸಿರಿ. ಸಣ್ಣ ತುಂಡುಗಳ ಹುರುಕಲಿಗೆ ಇದು ಒಳ್ಳೆಯದು.

2. ವಿನೆಗರ್: ಅಂಗಡಿಯ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 4ರಿಂದ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಗುಣ ನಿಂಬೆಯಂತೆಯೇ, ವಾಸನೆ ಮಾತ್ರ ಹೆಚ್ಚು. 2 ದೊಡ್ಡ ಚಮಚಕ್ಕಿಂತ ಹೆಚ್ಚು ಬೇಡ. ದುಡ್ಡು ಕೊಟ್ಟು ತರಬೇಕಾದ ವಸ್ತುವೂ ಹೌದು.

3. ಪರಂಗಿಕಾಯಿ: ಹಸಿ ಕಾಯಿಯ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಮಾಂಸವನ್ನು ಹುಳಿಗಿಂತ ಹೆಚ್ಚಾಗಿ ಮೆತ್ತಗೆ ಮಾಡುವುದು ಇದೇ. ಬಿಸಿ ತಗಲಿದಾಗ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇದರ ಕೆಲಸ ಅತಿ ಚುರುಕು. ಆದುದರಿಂದ ನೆನೆಸಿದ್ದು ಸ್ವಲ್ಪ ಹೊತ್ತಾದರೂ ಒಲೆಯ ಮೇಲೆ ಪರಿಣಾಮ ಕಾಣುತ್ತದೆ. 1 ಕೆ.ಜಿ.ಗೆ ಅರೆದ ಕಾಯಿ 1 ದೊಡ್ಡ ಚಮಚ, ಅರ್ಧ ಗಂಟೆ ಸಾಕು. ಎಳೆಯ ಫಾರಂ ಕೋಳಿಗೆ ರಾತ್ರಿಯಿಡೀ ಹಚ್ಚಿಟ್ಟರೆ ಮಾಂಸ ಹಿಟ್ಟಿನಂತಾಗುತ್ತದೆ. ಕಾಯಿ ಹಣ್ಣಾದಂತೆ ಈ ಗುಣ ಕಡಿಮೆಯಾಗುತ್ತದೆ. ಹಸಿ ಶುಂಠಿಯಲ್ಲಿಯೂ ಇಂತಹದೇ ಕಿಣ್ವವಿದೆ.

4. ಮೊಸರು: ಮೊಸರಿನ ಲ್ಯಾಕ್ಟಿಕ್ ಆಮ್ಲವು ನಿಂಬೆ, ವಿನೆಗರ್‌ಗಿಂತ ಬಹಳ ಸೌಮ್ಯ. ಹೊತ್ತು ಸ್ವಲ್ಪ ಹೆಚ್ಚಾದರೂ ಮಾಂಸ ಕೆಡುವುದಿಲ್ಲ. ಮೊಸರು ಗಟ್ಟಿಯಾಗಿರುವುದರಿಂದ ಮೆಣಸು, ಶುಂಠಿ, ಬೆಳ್ಳುಳ್ಳಿಯನ್ನು ತುಂಡಿಗೆ ಅಂಟಿಸಿ ಹಿಡಿಯುತ್ತದೆ. ಅದರಲ್ಲಿರುವ ಕೊಬ್ಬು ಮಸಾಲೆಯ ಬಣ್ಣ ಮತ್ತು ಘಮವನ್ನು ಎಳೆದುಕೊಳ್ಳುತ್ತದೆ. ಸುಡುವಾಗ ಹಾಲಿನ ಸಕ್ಕರೆ ಹಾಗೂ ಪ್ರೋಟೀನು ಸೇರಿ ಮೇಲೆ ಒಳ್ಳೆಯ ಕೆಂಪು ಬಣ್ಣ ಬರುತ್ತದೆ. ಕುಂದಾಪುರದ ಹೆಸರುವಾಸಿ ಕೋಳಿ ಘೀ ರೋಸ್ಟ್‌ಗೂ ಮೊದಲು ಮೊಸರಿನಲ್ಲಿಯೇ ಮಾಂಸವನ್ನು ನೆನೆಸುತ್ತಾರೆ. ಆಮೇಲೆ ಬ್ಯಾಡಗಿ ಮೆಣಸಿನಕಾಯಿಯ ಮಸಾಲೆಯನ್ನು ತುಪ್ಪದಲ್ಲಿ ಹುರಿದು ಬೆರೆಸುತ್ತಾರೆ. ಮೊಸರು, ತುಪ್ಪ ಎರಡೂ ಕೊಟ್ಟಿಗೆಯಿಂದ ಬಂದವೇ!

ಮೊಸರಿನ ಮಸಾಲೆ ಮಾಡುವ ಕ್ರಮ

1 ಕೆ.ಜಿ. ಕೋಳಿ ಮಾಂಸಕ್ಕೆ: ಗಟ್ಟಿ ಮೊಸರು 200 ಗ್ರಾಂ, ಉಪ್ಪು 2 ಟೀ ಚಮಚ, ಅಚ್ಚ ಮೆಣಸಿನಪುಡಿ 2 ಟೀ ಚಮಚ, ಅರಿಶಿನ ಅರ್ಧ ಟೀ ಚಮಚ, ದನಿಯಾ ಪುಡಿ 2 ಟೀ ಚಮಚ, ಅರೆದ ಶುಂಠಿ ಬೆಳ್ಳುಳ್ಳಿ 2 ದೊಡ್ಡ ಚಮಚ.

ಮೊಸರು ನೀರಾಗಿದ್ದರೆ ತೆಳು ಬಟ್ಟೆಯಲ್ಲಿ ಅರ್ಧ ಗಂಟೆ ಕಟ್ಟಿ ನೇತುಹಾಕಿರಿ. ಬಸಿದ ನೀರನ್ನು ರೊಟ್ಟಿ ಹಿಟ್ಟು ಕಲಸಲು ಬಳಸಬಹುದು. ಮೊಸರನ್ನು ಚೆನ್ನಾಗಿ ಕಡೆದು, ಉಳಿದದ್ದನ್ನು ಸೇರಿಸಿ ತುಂಡುಗಳಿಗೆ ಸವರಿರಿ. ಸ್ಟೀಲ್, ಗಾಜು ಅಥವಾ ಪಿಂಗಾಣಿ ಪಾತ್ರೆ ಉತ್ತಮ. ಹುಳಿ ಇರುವುದರಿಂದ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ ಮತ್ತು ಅಲ್ಯೂಮಿನಿಯಂ ಪಾತ್ರೆ ಬೇಡ. ಗೊಜ್ಜು ಮಾಡುವುದಾದರೆ 1 ಚಮಚ ಕಡಲೆಹಿಟ್ಟನ್ನು ಮೊಸರಿಗೆ ಕದಡಿ ಸಣ್ಣ ಉರಿಯಲ್ಲಿ ಬೇಯಿಸಿರಿ, ಮೊಸರು ಒಡೆಯುವುದಿಲ್ಲ. ಎರಡು ದಿನದ ಹುಳಿ ಮೊಸರೂ ಆಗುತ್ತದೆ, ಪ್ರಮಾಣ ಸ್ವಲ್ಪ ಕಡಿಮೆ ಮಾಡಿರಿ. ಬೂಷ್ಟು ಹಿಡಿದ ಮೊಸರನ್ನು ಮಾತ್ರ ಬಳಸಲೇಬಾರದು. ಮಾಂಸ ತಿನ್ನದ ಮನೆಗಳಲ್ಲಿ ಇದೇ ಮಸಾಲೆಯನ್ನು ಉಪ್ಪು ಕಡಿಮೆ ಮಾಡಿ ಪನೀರ್, ಆಲೂಗಡ್ಡೆ, ಹೂಕೋಸಿಗೆ ಹಚ್ಚಬಹುದು.

ನಾಟಿ ಕೋಳಿಯ ಮಾತೇ ಬೇರೆ

ಫಾರಂ ಕೋಳಿ ಸುಮಾರು 6 ವಾರಕ್ಕೇ ಮಾರಾಟಕ್ಕೆ ಬರುವ ಎಳೆಯ ಹಕ್ಕಿ. ಅದರ ಮಾಂಸ ತಾನಾಗಿಯೇ ಮೆದು. ಹಿತ್ತಲಲ್ಲಿ ಓಡಾಡಿ ಬೆಳೆದ ಹುಂಜ, ಮೊಟ್ಟೆ ಇಟ್ಟು ಮುಗಿದ ಹೇಂಟೆ ಹಾಗಲ್ಲ. ಅವುಗಳ ಸ್ನಾಯುಗಳ ನಡುವಿನ ಗಟ್ಟಿ ನಾರು ಯಾವ ಹುಳಿಗೂ ಕರಗದು. ಸಣ್ಣ ಉರಿಯಲ್ಲಿ, ನೀರಿನಲ್ಲಿ, ಗಂಟೆಗೂ ಹೆಚ್ಚು ಹೊತ್ತು ಬೆಂದರೆ ಮಾತ್ರ ಅದು ಕರಗಿ ಸಾರಿಗೆ ರುಚಿ ಕೊಡುತ್ತದೆ. ಉಪ್ಪು, ಅರಿಶಿನ ಮಾತ್ರ ಸವರಿ ನೇರವಾಗಿ ಸಾರಿಗೆ ಹಾಕುವ ನಮ್ಮ ಹಿರಿಯರ ಪದ್ಧತಿ ಸರಿಯಾಗಿಯೇ ಇದೆ. ಮೊಸರನ್ನು ಫಾರಂ ಕೋಳಿಯ ಹುರುಕಲಿಗೆ ಉಳಿಸಿಕೊಳ್ಳಿರಿ.

ಮುಖ್ಯ ಎಚ್ಚರಿಕೆ

ಹಸಿ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಇವು ವಾಂತಿ, ಭೇದಿ, ಜ್ವರ ತರುತ್ತವೆ. ಮಕ್ಕಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ಅಪಾಯ ಹೆಚ್ಚು. ಮೊಸರಾಗಲಿ, ನಿಂಬೆಯಾಗಲಿ, ಉಪ್ಪಾಗಲಿ ಇವನ್ನು ಪೂರ್ತಿ ಕೊಲ್ಲುವುದಿಲ್ಲ. ಕೊಲ್ಲುವುದು ಬೆಂಕಿ ಮಾತ್ರ.

ಹಾಲು ಉತ್ಪಾದಕರಾದ ನಾವು ಇದನ್ನು ಇನ್ನೂ ಗಂಭೀರವಾಗಿ ಪರಿಗಣಿಸಬೇಕು. ಮಸಾಲೆ ಕಲಸಿದ ಕೈಯನ್ನು ಬರೀ ನೀರಿನಲ್ಲಿ ಅದ್ದಿ, ಸಂಜೆಯ ಕರೆಯುವ ಹೊತ್ತಾಯಿತೆಂದು ಕೊಟ್ಟಿಗೆಗೆ ಹೋದರೆ ಆ ರೋಗಾಣು ಕೆಚ್ಚಲಿಗೆ, ಅಲ್ಲಿಂದ ಹಾಲಿಗೆ ಸೇರುತ್ತದೆ. ಒಂದು ಮನೆಯ ಹಾಲು ಸಂಘದಲ್ಲಿ ಊರಿನ ಎಲ್ಲರ ಹಾಲಿನೊಂದಿಗೆ ಬೆರೆಯುತ್ತದೆ ಎಂಬುದನ್ನು ಮರೆಯಬಾರದು.

ನೆನಪಿಡಿ

* ಮಾಂಸ ಮುಟ್ಟಿದ ಮೇಲೆ ಸೋಪು ಹಚ್ಚಿ, ಉಗುರುಸಂದಿ ಸಹಿತ ಕೈ ತೊಳೆಯಿರಿ. ಸಾಧ್ಯವಾದರೆ ಹಾಲು ಕರೆದು ಮುಗಿಸಿದ ನಂತರವೇ ಮಾಂಸದ ಕೆಲಸಕ್ಕೆ ಕೈ ಹಾಕಿರಿ.
* ಹಾಲಿನ ಕ್ಯಾನು, ಕರೆಯುವ ಪಾತ್ರೆ, ಸೋಸುವ ಬಟ್ಟೆಯನ್ನು ಮಾಂಸದ ಕೆಲಸಕ್ಕೆ ಎಂದೂ ಬಳಸಬೇಡಿ.
* ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ನೀರು ಸಿಡಿದು ರೋಗಾಣು ಸುತ್ತಲೂ ಹರಡುತ್ತದೆ. ತೊಳೆಯದಿರುವುದೇ ಮೇಲು, ತೊಳೆಯಲೇಬೇಕೆಂದರೆ ಅಗಲ ಪಾತ್ರೆಯಲ್ಲಿ, ಸಿಡಿಯದಂತೆ ತೊಳೆಯಿರಿ.
* ಫ್ರಿಜ್ ಇದ್ದರೆ ಮೊಸರಿನ ಮಸಾಲೆಯನ್ನು 4ರಿಂದ 8 ಗಂಟೆ, ಮುಚ್ಚಳ ಹಾಕಿ, ಕೆಳಗಿನ ಅರೆಯಲ್ಲಿ ಇಡಿ. ಹಾಲು, ಮೊಸರು ಅದರ ಮೇಲಿನ ಅರೆಯಲ್ಲಿರಲಿ.
* ಫ್ರಿಜ್ ಇಲ್ಲದಿದ್ದರೆ ನೆರಳಿನಲ್ಲಿ ಮುಚ್ಚಿಟ್ಟು 1 ಗಂಟೆಯೊಳಗೆ ಬೇಯಿಸಿರಿ. ರಾತ್ರಿಯಿಡೀ ಹೊರಗೆ ಇಡಲೇಬೇಡಿ.
* ಉಳಿದ ಮಸಾಲೆಯನ್ನು ಬೆಂದ ಮಾಂಸದ ಮೇಲೆ ಹಸಿಯಾಗಿ ಸುರಿಯಬೇಡಿ. ಚೆನ್ನಾಗಿ ಕುದಿಸಿಯೇ ಬಳಸಿರಿ.
* ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಳೆಯುವ ಸಾಧನ ಇಲ್ಲದಿದ್ದರೆ ತೊಡೆಯನ್ನು ಮೂಳೆಯ ಬಳಿ ಚುಚ್ಚಿ ನೋಡಿ. ಹೊಗೆಯಾಡುವಷ್ಟು ಬಿಸಿಯಿರಬೇಕು, ಕೆಂಪು ನೀರು ಬರಬಾರದು, ಮಾಂಸ ಹಸಿಯಾಗಿ ಕಾಣಬಾರದು.

ಸಂಘಕ್ಕೆ ಹಾಲು ಅಳೆಯುವಾಗ ಮನೆಯ ಮೊಸರಿಗೆಂದು ಅರ್ಧ ಲೀಟರ್ ಉಳಿಸಿಕೊಳ್ಳುವುದು ನಷ್ಟವಲ್ಲ. ಅದು ಮಕ್ಕಳ ಊಟಕ್ಕೂ ಆಯಿತು, ನೆಂಟರು ಬಂದ ದಿನ ಮಸಾಲೆಗೂ ಆಯಿತು.