ಹುಚ್ಚಿನ ಬೇರು ಮಾತ್ರೆಯಾದ ಕಥೆ

ಒಣಗಿದ ಸರ್ಪಗಂಧದ ಬೇರನ್ನು ಕೈಗೆತ್ತಿಕೊಂಡರೆ ವಿಶೇಷವೇನೂ ಕಾಣದು. ಹಾವಿನಂತೆ ಬಳುಕಿದ ಮೈ, ಮಣ್ಣುಬಣ್ಣದ ಸುಕ್ಕುಗಟ್ಟಿದ ಸಿಪ್ಪೆ. ಹೆಸರಿನಲ್ಲಿ ಗಂಧವಿದ್ದರೂ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಸಿಪ್ಪೆಯ ಚೂರೊಂದು ನಾಲಿಗೆಗೆ ಸೋಕಿದರೆ ಮಾತ್ರ ಮುಖ ಕಿವುಚುವಷ್ಟು ಕಹಿ. ಮದ್ದಿನ ಬಹುಪಾಲು ಅಡಗಿರುವುದು ಆ ಕಹಿ ಸಿಪ್ಪೆಯಲ್ಲೇ.

ನಮ್ಮ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ, ಮರದ ನೆರಳಿನಲ್ಲಿ ಬೆಳೆಯುವ ಪುಟ್ಟ ಗಿಡ ಇದು. ಸೂತ್ರನಾಭಿ ಎಂದೂ ಕರೆಯುತ್ತಾರೆ. ಹಾವಿನೊಡನೆ ಕಾದಾಡುವ ಮುನ್ನ ಮುಂಗುಸಿ ಇದರ ಎಲೆ ಮೆಲ್ಲುತ್ತದೆಂಬ ನಂಬಿಕೆ ಹಳೆಯದು. ಹಾವು ಕಚ್ಚಿದಾಗ ಈ ಬೇರನ್ನು ನಂಬಿ ಕೂರುವುದು ಪ್ರಾಣಕ್ಕೇ ಅಪಾಯ, ಆಸ್ಪತ್ರೆಗೇ ಓಡಬೇಕು. ಆದರೆ ನಿದ್ದೆ ಬಾರದವರಿಗೆ, ಉನ್ಮಾದದಲ್ಲಿ ಕೂಗಾಡುವವರಿಗೆ ವೈದ್ಯರು ಇದನ್ನು ಕೊಡುತ್ತಿದ್ದುದರ ಹಿಂದೆ ಗಟ್ಟಿ ಅನುಭವವಿತ್ತು. ಬಿಹಾರದ ಕಡೆ ಇದಕ್ಕೆ ‘ಪಾಗಲ್ ಕಿ ದವಾ’ ಎಂದೇ ಹೆಸರು.

1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಈ ಬೇರು ಹುಚ್ಚಿಗಷ್ಟೇ ಅಲ್ಲ, ಏರಿದ ರಕ್ತದೊತ್ತಡಕ್ಕೂ ಮದ್ದೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ತಂಡ ಬೇರಿನ ಸಸ್ಯಕ್ಷಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಕಾಲೇಜಿನ ಸ್ಥಾಪಕ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟಿತು. ಹೃದಯ ಬಡಿತದ ದೋಷ ಪತ್ತೆಗೆ ಅಜ್ಮಲೀನ್ ಇಂದಿಗೂ ಬಳಕೆಯಲ್ಲಿದೆ.

ಹೊರಜಗತ್ತು ಕಣ್ತೆರೆದದ್ದು 1949ರಲ್ಲಿ. ಮುಂಬೈನ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳಿಗೆ ಈ ಬೇರು ಕೊಟ್ಟ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ಬೇರು ಮಾತ್ರೆಯಾಗಿ ಬಂತು.

ನನ್ನನ್ನು ಬಹಳ ಸೆಳೆಯುವುದು ಇದರ ಮುಂದಿನ ಅಧ್ಯಾಯ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅವು ಅಲುಗಾಡದೆ ಮುದುರಿ ಕುಳಿತವು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಾಗಿ ಬದಲಾಗುವ ಎಲ್-ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡತೊಡಗಿದವು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್‌ನ ಪಾತ್ರ ತಿಳಿಯಲು ದಾರಿಯಾದ ಈ ಶೋಧಕ್ಕಾಗಿ ಕಾರ್ಲ್‌ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಮಿದುಳಿನ ಈ ಬಾಗಿಲು ತೆರೆದ ಕೀಲಿಕೈ ನಮ್ಮ ಕಾಡಿನ ಬೇರಿನಲ್ಲಿತ್ತು ಎಂಬುದು ನಮ್ಮ ಮಕ್ಕಳ ಪಾಠದಲ್ಲಿ ಇರಬೇಕಾದ ವಿಷಯ.

ರಿಸರ್ಪಿನ್ ಕೆಲವರನ್ನು ಖಿನ್ನತೆಗೆ ತಳ್ಳುತ್ತದೆಂದು ವರದಿಗಳು ಬಂದವು. ಹೊಸ ಮಾತ್ರೆಗಳೂ ಬಂದು ಅದರ ಬಳಕೆ ಕುಗ್ಗಿತು. ಅಷ್ಟರಲ್ಲಿ ಕಾಡಿಗೆ ಪೆಟ್ಟು ಬಿದ್ದಾಗಿತ್ತು. ಎಲೆ ಚಿವುಟಿದರೆ ಗಿಡ ಮತ್ತೆ ಚಿಗುರೀತು. ಬೇರು ಕಿತ್ತ ಮೇಲೆ ಉಳಿಯುವುದೇನು? 1990ರಿಂದ ಈ ಗಿಡ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೇ ಅನುಬಂಧದಲ್ಲಿದೆ.

ಬಿ.ಪಿ. ಇದೆಯೆಂದು ಈ ಬೇರನ್ನು ನೀವಾಗಿಯೇ ತೇಯ್ದು ಕುಡಿಯಬೇಡಿ, ವೈದ್ಯರನ್ನು ಕೇಳಿ. ಕಾಡಿನಲ್ಲಿ ಕಂಡರೆ ಕೀಳಬೇಡಿ. ಬೇಕೇ ಬೇಕೆನ್ನುವವರು ನರ್ಸರಿಯ ಸಸಿ ತಂದು ಹಿತ್ತಲಿನ ನೆರಳಲ್ಲಿ ನೆಡಿ.